ಕಾಲು ಜೋತುಬಿದ್ರೆ ಯಾವ ಫಿನ್ಸೂ ಕೈ ಹಿಡಿಯಲ್ಲ

ಸ್ಕೂಬಾ ಡೈವಿಂಗ್‌ಗೆ ಮುರ್ಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ ಬೋಟಲ್ಲಿ ಹೆಚ್ಚುಕಮ್ಮಿ ಒಂದೂವರೆ ಗಂಟೆ ದಾರಿ, ಆ ದಾರೀಲಿ ನನಗೆ ತಪ್ಪದೆ ಬರೋ ಪ್ರಶ್ನೆ "ಸರ್, ಯಾವ ಫಿನ್ಸ್ ತಗೊಳ್ಲಿ?" ಅಂತ. ಕಾಲಿಗೆ ಹಾಕೋ ಆ ಈಜುರೆಕ್ಕೆ ಆಮೇಲೆ ನೋಡೋಣ, ಮೊದ್ಲು ನೀವು ನೀರೊಳಗೆ ಮಲಗಿರ್ತೀರೋ ನಿಂತಿರ್ತೀರೋ ಹೇಳಿ ಅಂತೀನಿ. ನಗ್ತಾರೆ. ಮಲಗೇ ಇರ್ತೀನಿ ಅಂದ್ಕೊಂಡಿರ್ತಾರೆ ಎಲ್ರೂ, ವಿಡಿಯೋ ತೋರಿಸಿದ್ರೆ ಮಾತ್ರ ಗೊತ್ತಾಗೋದು, ಎದೆ ಮೇಲೆ ಕಾಲು ಕೆಳಗೆ, ಥೇಟ್ ಬೈಕ್ ಮೇಲೆ ಕೂತವರ ಥರ.

ಹೋದ ಸೀಸನ್‌ನಲ್ಲಿ ಬೆಂಗಳೂರಿನವರೊಬ್ರು ಬಂದಿದ್ರು, ಡೈವಿಂಗ್‌ನ ಅಡ್ವಾನ್ಸ್ಡ್ ಸರ್ಟಿಫಿಕೇಟ್ ಕಾರ್ಡ್ ಇತ್ತು, ಕಾಲಲ್ಲಿ ದುಬಾರಿ ದಪ್ಪ ರಬ್ಬರ್ ಫಿನ್ಸ್. ಟ್ಯಾಂಕಲ್ಲಿ 200 ಬಾರ್ ಒತ್ತಡದ ಗಾಳಿ ಇಟ್ಕೊಂಡು ಇಳಿದವರು ಅರ್ಧ ಗಂಟೆಗೆ 50ಕ್ಕೆ ಬಂದ್ಬಿಟ್ರು. ನನ್ನ ಶ್ವಾಸಕೋಶನೇ ದೊಡ್ಡದು ಸರ್ ಅಂದ್ರು. ಅದಲ್ಲ ವಿಷ್ಯ. ಮೈ ಓರೆಯಾಗಿದ್ದಾಗ ಕಿಕ್ ಹೊಡೆದ್ರೆ ಮುಂದಕ್ಕಷ್ಟೇ ಅಲ್ಲ ಮೇಲಕ್ಕೂ ಹೋಗ್ತೀರಿ, ಮೇಲೆ ಹೋಗ್ಬಾರ್ದು ಅಂತ ಬಿಸಿಡಿಯಿಂದ (ಗಾಳಿ ತುಂಬಿ ಬಿಟ್ಟು ತೇಲೋದನ್ನ ಹೊಂದಿಸೋ ಜಾಕೆಟ್) ಗಾಳಿ ಬಿಡ್ತೀರಿ, ಈಗ ನೀವು ಭಾರ, ಕಾಲು ಆಡಿಸೋದು ನಿಲ್ಸಿದ್ರೆ ಮುಳುಗ್ತೀರಿ, ಅದಕ್ಕೇ ನಿಲ್ಸೋದೇ ಇಲ್ಲ. ಮುಂದೆ ಹೋಗೋಕೆ ಅಂತ ಹಾಕೋ ಶಕ್ತೀಲಿ ಒಂದು ಪಾಲು ಬರೀ ಮುಳುಗದೇ ಇರೋಕೆ ಖರ್ಚು. 20 ಮೀಟರ್ ಆಳದಲ್ಲಿ ಪ್ರತಿ ಉಸಿರಿಗೂ ಮೇಲಿನ ಮೂರರಷ್ಟು ಗಾಳಿ ಬೇಕು, ಅಲ್ಲಿ ಏದುಸಿರು ಬಿಟ್ರೆ ಟ್ಯಾಂಕ್ ಎಷ್ಟೊತ್ತು ಬರತ್ತೆ?

ನಿಮ್ಮದು ಹೇಗಿದೆ ಅಂತ ನೋಡೋದು ಸುಲಭ. ಈಜ್ತಾ ಈಜ್ತಾ ಹತ್ತು ಸೆಕೆಂಡ್ ಕಾಲು ಪೂರ್ತಿ ನಿಲ್ಸಿ, ಉಸಿರು ಮಾತ್ರ ಮಾಮೂಲಿ ಆಡ್ಲಿ. ಇದ್ದಲ್ಲೇ ಇದ್ರೆ ಸರಿ. ಮುಳುಗಿದ್ರೆ ತೂಕ ಜಾಸ್ತಿ ಇಲ್ಲಾ ಬಿಸಿಡೀಲಿ ಗಾಳಿ ಕಮ್ಮಿ, ಕಾಲಷ್ಟೇ ಕೆಳಗಿಳಿದ್ರೆ ತೂಕ ತಪ್ಪು ಜಾಗದಲ್ಲಿದೆ. ನಮ್ಮ ಮೈಯಲ್ಲಿ ತೇಲೋ ಭಾಗ ಎದೆ, ಅಲ್ಲಿ ಶ್ವಾಸಕೋಶ ಇದೆ, ಬಿಸಿಡಿ ಗಾಳೀನೂ ಅಲ್ಲೇ, ನಾವು ಸೀಸದ ತೂಕಾನೆಲ್ಲ ಸೊಂಟಕ್ಕೆ ಕಟ್ಕೊಂಡು ಅದರ ಮೇಲೆ ಭಾರದ ಫಿನ್ಸ್ ಹಾಕ್ಕೊಂಡ್ರೆ ಕಾಲು ಇಳೀದೆ ಇನ್ನೇನಾಗತ್ತೆ. ದಪ್ಪ ರಬ್ಬರ್ ಫಿನ್ಸ್ ಕೆಟ್ಟದ್ದಲ್ಲ, ತಣ್ಣೀರಿನ ದೇಶಗಳಲ್ಲಿ ನೀರು ಒಳಗೆ ಬಿಡದ ಡ್ರೈಸೂಟ್ ಒಳಗಿನ ಗಾಳಿ ಕಾಲಿಗೆ ಓಡಿ ಕಾಲೇ ತೇಲತ್ತಲ್ಲ, ಅವರಿಗೆ ಅದು ವರ. ನಮ್ಮ ಬೆಚ್ಚಗಿನ ನೀರಲ್ಲಿ ತೆಳು ಸೂಟ್ ಹಾಕಿದವರಿಗೆ ಹಗುರದ್ದೇ ಸಾಕು.

ಆ ಬೆಂಗಳೂರಿನವರ ತೂಕದ ಬೆಲ್ಟ್ ಬಿಚ್ಚಿ ನೋಡಿದ್ರೆ ಎಂಟು ಕೆಜಿ! ಟ್ಯಾಂಕ್ 50 ಬಾರ್ ಇದ್ದಾಗ, ಬಿಸಿಡಿ ಪೂರ್ತಿ ಖಾಲಿ ಮಾಡಿ, ಐದು ಮೀಟರ್‌ನಲ್ಲಿ ನಿಲ್ಲೋಕೆ ಎಷ್ಟು ಬೇಕೋ ಅಷ್ಟೇ ತೂಕ. ಈ ಚೆಕ್ಕನ್ನ ಡೈವ್‌ನ ಕೊನೇಲೇ ಮಾಡ್ಬೇಕು, ಯಾಕಂದ್ರೆ ತುಂಬಿದ ಟ್ಯಾಂಕಲ್ಲಿ ಗಾಳೀದೇ ಎರಡೂವರೆ ಕೆಜಿ ಹತ್ರ ತೂಕ ಇರತ್ತೆ, ಅದು ಖಾಲಿಯಾಗ್ತಾ ನೀವು ಹಗುರ ಆಗ್ತೀರಿ. ಅವರಿಗೆ ಆರು ಸಾಕಾಯ್ತು, ಅದರಲ್ಲೂ ಎರಡನ್ನ ಟ್ಯಾಂಕ್ ಮೇಲಿನ ಪಟ್ಟಿಗೆ ಸೇರಿಸಿದೆ. ಫಿನ್ಸ್ ಅದೇ ಇರ್ಲಿ ಅಂದೆ. ಎರಡನೇ ಡೈವಲ್ಲಿ ಅಷ್ಟೇ ಹೊತ್ತಿಗೆ 80 ಬಾರ್ ಉಳಿದಿತ್ತು.

ಇನ್ನು ಕಿಕ್. ಹೊಸಬರು ಬಹಳ ಜನ ಸೈಕಲ್ ತುಳೀತಾರೆ, ಮಂಡಿ ಎದೆಗೆ ಬರತ್ತೆ, ನೀರು ಕಲಕತ್ತೆ, ಇವರು ಮಾತ್ರ ಅಲ್ಲೇ. ಫ್ಲಟರ್ ಕಿಕ್ (ಒಂದಾದ ಮೇಲೊಂದು ಕಾಲು ಮೇಲೆ ಕೆಳಗೆ ಬಡಿಯೋದು) ಹೊಡೆಯೋದಾದ್ರೆ ತೊಡೆಯಿಂದ ಬರ್ಲಿ. ನೀರಿನ ಸೆಳೆತದ ಎದುರು ಹೋಗ್ಬೇಕಾದಾಗ ಅದೇ ಬೇಕು, ಉಳಿದಂತೆ ನಾನು ಫ್ರಾಗ್ ಕಿಕ್ ಪಕ್ಷ. ನಮ್ಮೂರ ಕೆರೇಲಿ ಕಪ್ಪೆ ಈಜು ಕಲಿತವರಿಗೆ ಬೇಗ ಬರತ್ತೆ, ಆದ್ರೆ ಅವರದ್ದೊಂದು ಚಟ ಬಿಡಿಸಬೇಕು, ಮಂಡೀನ ಹೊಟ್ಟೆ ಕಡೆ ಎಳ್ಕೊಳ್ಳೋದು. ಇಲ್ಲಿ ತೊಡೆ ಮೈಯ ಗೆರೇಲೇ ಇರ್ಬೇಕು, ಮಂಡಿ ಮಡಚಿ ಪಾದ ಮೇಲೆ, ಕಣಕಾಲು ಹೊರಗೆ ತಿರುಗಿಸಿ ಅಂಗಾಲು ಹಿಂದಕ್ಕೆ ನೋಡೋ ಹಾಗೆ ಮಾಡಿ, ಹೊರಗಿಂದ ಸುತ್ತಿ ತಂದು ಎರಡೂ ಅಂಗಾಲು ಚಪ್ಪಾಳೆ ತಟ್ಟೋಕೆ ಹೋದ ಹಾಗೆ ಸೇರಿಸಿ. ಆಮೇಲೆ ಸುಮ್ನಿರಿ! ಆ ಎರಡು ಮೂರು ಸೆಕೆಂಡ್ ಜಾರೋದೇ ಲಾಭ, ನೀರು ಗಾಳಿಗಿಂತ 800 ಪಟ್ಟು ದಟ್ಟ, ವೇಗ ಎರಡರಷ್ಟಾದ್ರೆ ಎಳೆತ ನಾಲ್ಕರಷ್ಟು, ಅವಸರ ಮಾಡಿದಷ್ಟೂ ಲುಕ್ಸಾನು. ಇದರಲ್ಲಿ ನೀರು ಹಿಂದಕ್ಕೆ ಹೋಗತ್ತೆ, ಕೆಳಗಿನ ಮರಳು ಏಳಲ್ಲ. ಮನೇಲೇ ಮಂಚದ ಮೇಲೆ ಬೋರಲು ಮಲಗಿ ಮಂಡಿಯಿಂದಾಚೆ ಕಾಲು ಹೊರಗಿಟ್ಟು ಪ್ರಾಕ್ಟೀಸ್ ಮಾಡಿ, ಮನೆಯವರು ನಗ್ತಾರೆ, ನಗ್ಲಿ.

ಕತ್ತು ಮೇಲೆತ್ತಿ ಮುಂದೆ ನೋಡಿ, ಪೃಷ್ಠ ಬಿಗಿ ಮಾಡಿ, ಕಾಲು ತಾನಾಗೇ ಮೇಲೇಳತ್ತೆ. ಕಾಲು ಮೇಲಿದ್ರೆ ಹವಳಾನೂ ಉಳಿಯತ್ತೆ, ಕಾಲ ಕೆಳಗಿರೋ ಗುಂಡು ಹವಳ ವರ್ಷಕ್ಕೆ ಒಂದು ಸೆಂಟಿಮೀಟರ್ ಆಸುಪಾಸು ಬೆಳೆಯೋ ಜೀವ. ನನ್ನ ಶುರುವಿನ ದಿನಗಳಲ್ಲಿ ಒಂದು ಕವಲು ಹವಳಾನ ಫಿನ್ ತುದೀಲಿ ಮುರಿದಿದ್ದೆ, ನನಗೆ ಗೊತ್ತೇ ಆಗಿರ್ಲಿಲ್ಲ, ಹಿಂದೆ ಬರ್ತಿದ್ದ ನನ್ನ ಜೊತೆಗಾರ ಡೈವರ್ ಆ ತುಂಡು ಎತ್ತಿ ಮುಖದ ಮುಂದೆ ಹಿಡಿದ.

ಹಿಂದಕ್ಕೆ ಹೋಗೋ ಬ್ಯಾಕ್ ಕಿಕ್ ಬಗ್ಗೆ ಕೇಳ್ಬೇಡಿ. ಫೋಟೋ ತೆಗೆಯೋರಿಗೆ ಅದು ಬೇಕೇ ಬೇಕು, ಫಿನ್ಸ್ ಮೇಲ್ಭಾಗದಿಂದ ನೀರನ್ನ ತಲೆ ಕಡೆ ಎಳೀಬೇಕು, ಅಷ್ಟೇ. ಆ 'ಅಷ್ಟೇ' ಕಲಿಯೋಕೆ ನನಗೆ ಒಂದು ಇಡೀ ಸೀಸನ್ ಹಿಡೀತು, ಮೊದಲ ವಾರ ಪೂರ್ತಿ ಹಿಂದೆ ಹೋಗ್ತಿದೀನಿ ಅಂದ್ಕೊಂಡು ಬಂಡೆ ಕಡೇಗೇ ಹೋಗ್ತಿದ್ದೆ.