ಮೂರು ಗೆರೆ, ಎರಡು ಸೆಕೆಂಡು

ಅಡಾಪ್ಟಿವ್ ಕ್ರೂಸ್ ಕಂಟ್ರೋಲ್, ಅಂದರೆ ಮುಂದಿನ ಗಾಡಿಗೆ ತಕ್ಕಂತೆ ತಾನೇ ವೇಗ ಹೊಂದಿಸಿಕೊಂಡು ಅಂತರ ಕಾಯುವ ವ್ಯವಸ್ಥೆ, ಇರುವ ಕಾರು ಕೈಗೆ ಸಿಕ್ಕಿದ ಕೂಡಲೇ ಬಹಳ ಜನ ಅಂತರದ ಗುಂಡಿ ಒತ್ತಿ, ಆ ಅಂತರ ತೋರಿಸುವ ಡ್ಯಾಶ್‌ಬೋರ್ಡಿನ ಮೂರು ಗೆರೆಗಳನ್ನು ಒಂದಕ್ಕೆ ಇಳಿಸಿಬಿಡುತ್ತಾರೆ. ಜಾಗ ಬಿಟ್ಟರೆ ಪಕ್ಕದವರು ನುಗ್ಗುತ್ತಾರೆ ಅಲ್ವಾ? ಬ್ರೇಕ್ ಹಾಕೋದು ಕಂಪ್ಯೂಟರ್ ತಾನೇ, ಅದಕ್ಕೇನು ತೂಕಡಿಕೆಯೇ ಅನ್ನುವ ವಾದ ಬೇರೆ.

ತಮಾಷೆ ಏನು ಗೊತ್ತಾ? ಹಳೆಯ ಕ್ರೂಸ್ ಕಂಟ್ರೋಲ್ ಹುಟ್ಟಿದ್ದೇ ಗಮನ ತಪ್ಪಿದ ಚಾಲಕನೊಬ್ಬನಿಂದ ಅನ್ನುತ್ತಾರೆ. ಅಮೆರಿಕದ ಎಂಜಿನಿಯರ್ ರಾಲ್ಫ್ ಟೀಟರ್‌ಗೆ ಐದನೇ ವಯಸ್ಸಿನಿಂದ ಕಣ್ಣು ಕಾಣುತ್ತಿರಲಿಲ್ಲ. ಅವರ ವಕೀಲರು ಕಾರು ಓಡಿಸುತ್ತಾ ಮಾತಾಡುವಾಗ ನಿಧಾನಿಸುತ್ತಿದ್ದರಂತೆ, ಮಾತು ಕೇಳುವಾಗ ಜೋರಾಗಿ ಓಡಿಸುತ್ತಿದ್ದರಂತೆ. ಈ ಜಗ್ಗಾಟ ತಡೆಯದೆ ಟೀಟರ್ ವೇಗ ಹಿಡಿದಿಡುವ ಸಾಧನ ಮಾಡಿದರು. 1958ರಲ್ಲಿ ಅದು ಕ್ರೈಸ್ಲರ್ ಕಾರುಗಳಿಗೆ ಬಂತು.

ಈಗಿನ ಬಹಳಷ್ಟಕ್ಕೆ ರೇಡಾರ್ ಸೇರಿದೆ. ಆಂಬುಲೆನ್ಸ್ ಹತ್ತಿರ ಬರುವಾಗ ಸೈರನ್ ಕೀರಲು, ದೂರ ಹೋಗುವಾಗ ದಪ್ಪ. ಮರಳಿ ಬಂದ ರೇಡಿಯೋ ಅಲೆಯಲ್ಲಿ ಇಂಥದೇ ವ್ಯತ್ಯಾಸ ನೋಡಿ ರೇಡಾರ್ ಮುಂದಿನ ಗಾಡಿಯ ವೇಗ ಹಿಡಿಯುತ್ತದೆ. ಆದರೆ ಕಂಬ, ಬೋರ್ಡು, ಸೇತುವೆ, ಮ್ಯಾನ್‌ಹೋಲ್ ಮುಚ್ಚಳ ಎಲ್ಲದರಿಂದಲೂ ಅಲೆ ವಾಪಸ್ ಬರುತ್ತದೆ. ಎಲ್ಲಕ್ಕೂ ಬ್ರೇಕ್ ಹಾಕಿದರೆ ಪ್ರಯಾಣ ಮುಗಿದ ಹಾಗೇ! ಅದಕ್ಕೆ ಎಷ್ಟೋ ಕಾರುಗಳು ನಿಂತ ವಸ್ತುಗಳನ್ನು ಸುಮ್ನೆ ಲೆಕ್ಕದಿಂದ ಬಿಡುತ್ತವೆ. ಸದಾ ತಿರುಗುವ ಫ್ಯಾನಿನ ಸದ್ದು ನಮ್ಮ ಕಿವಿಗೆ ಬೀಳದ ಹಾಗೆ. ಮೂಗಿನ ಮೇಲಿನ ಕನ್ನಡಕ ಕಣ್ಣಿಗೆ ಕಾಣದ ಹಾಗೆ.

ಈಗ ನೀವು ಲಾರಿಯ ಹಿಂದೆ ಇದ್ದೀರಿ. ಲಾರಿ ಥಟ್ಟನೆ ಪಕ್ಕದ ಲೇನಿಗೆ ಸರಿಯಿತು. ಎದುರಿಗೆ ಕೆಟ್ಟು ನಿಂತ ಕಾರು. ಇಂಥ ರೇಡಾರ್ ಪಾಲಿಗೆ ರಸ್ತೆ ಖಾಲಿ, ಗಾಡಿ ಇನ್ನೂ ಜೋರಾಗುತ್ತದೆ. ನಿಮ್ಮ ಪಾದ ಪೆಡಲ್ ಬಿಟ್ಟು ಆರಾಮವಾಗಿ ಮ್ಯಾಟ್ ಮೇಲಿದೆ. ಮನಸ್ಸು ಎಲ್ಲೋ.

ಮನಸ್ಸು ಅಲೆಯುವುದು ಸೋಮಾರಿತನದಿಂದ ಅಂದುಕೊಳ್ಳಬೇಡಿ. ಬ್ರಿಟನ್ನಿನ ನಾರ್ಮನ್ ಮ್ಯಾಕ್‌ವರ್ತ್ 1948ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಜನ ಎರಡು ಗಂಟೆ ಒಂದು ಮುಳ್ಳನ್ನೇ ನೋಡುತ್ತಾ ಕೂರಬೇಕಿತ್ತು. ಅದು ಅಪರೂಪಕ್ಕೊಮ್ಮೆ ಎರಡು ಹೆಜ್ಜೆ ಜಿಗಿದಾಗ ಗುಂಡಿ ಒತ್ತಬೇಕು, ಅಷ್ಟೇ ಕೆಲಸ. ಅರ್ಧ ಗಂಟೆಯೊಳಗೇ ಜಿಗಿತಗಳು ತಪ್ಪಿಹೋಗತೊಡಗಿದವು. ಕ್ರೂಸ್ ಹಾಕಿಕೊಂಡು ಕೂತವರೂ ಆ ಮುಳ್ಳು ಕಾಯುವವರೇ.

ಆ ಗೆರೆಗಳ ಲೆಕ್ಕ ಸಾಮಾನ್ಯವಾಗಿ ಸೆಕೆಂಡುಗಳಲ್ಲಿ. ಗಂಟೆಗೆ 100 ಕಿ.ಮೀ. ಅಂದರೆ ಸೆಕೆಂಡಿಗೆ ಸುಮಾರು 28 ಮೀಟರ್. ಕಣ್ಣು ರಸ್ತೆಗೆ ಮರಳಿ, ಏನಾಯಿತೆಂದು ತಿಳಿದು, ಕಾಲು ಬ್ರೇಕಿಗೆ ಹೋಗಲು ಒಂದೂವರೆ ಸೆಕೆಂಡಾದರೂ ಬೇಕು. ಅಷ್ಟರಲ್ಲಿ 42 ಮೀಟರ್ ಮುಗಿಯಿತು. ಇನ್ನು ಐದು ಸೆಕೆಂಡು ಫೋನ್ ನೋಡಿದರೆ ಸುಮಾರು 140 ಮೀಟರ್. ಅದನ್ನು ಯಾವ ಗೆರೆಯೂ ತುಂಬಿಕೊಡಲಾರದು.

ನಾನಂತೂ ಮೂರೂ ಗೆರೆ, ಅಂದರೆ ನನ್ನ ಗಾಡಿಯಲ್ಲಿ ಸುಮಾರು ಎರಡು ಸೆಕೆಂಡು ಅಂತರ, ಇಟ್ಟುಕೊಳ್ಳುತ್ತೇನೆ. ಪಕ್ಕದವರು ನುಗ್ಗುತ್ತಾರೆ, ನಿಜ. ಗಾಡಿ ಒಂಚೂರು ಹಿಂದೆ ಸರಿದು ಮತ್ತೆ ಎರಡು ಸೆಕೆಂಡು ಅಂತರ ಮಾಡಿಕೊಳ್ಳುತ್ತದೆ. ಹತ್ತು ಜನ ನುಗ್ಗಿದರೂ ತಡವಾಗುವುದು ಇಪ್ಪತ್ತು ಸೆಕೆಂಡು.