ಗ್ರಾಮಸಭೆ ಎಂದರೆ ಯಾರು?

‘ಅಧಿಕಾರಿಗಳ ಗೈರು: ಗ್ರಾಮಸಭೆ ಮುಂದೂಡಿಕೆ.’ ಪತ್ರಿಕೆಗಳ ತಾಲ್ಲೂಕು ಪುಟದಲ್ಲಿ ಈ ತಲೆಬರಹ ಕಾಣದ ತಿಂಗಳಿಲ್ಲ. ಪಂಚಾಯಿತಿ ಸದಸ್ಯರಷ್ಟೇ ಕೂತು ನಡೆಸುವ ಸಾಮಾನ್ಯ ಸಭೆಗೂ ‘ಗ್ರಾಮಸಭೆ’ ಅಂತಲೇ ಬರೆದುಬಿಡುತ್ತಾರೆ. ಮೊನ್ನೆ ಓದಿದ ವರದಿಯೊಂದರಲ್ಲಂತೂ ‘ಗ್ರಾಮಸಭೆಗೆ ಸಾರ್ವಜನಿಕರನ್ನೂ ಆಹ್ವಾನಿಸಲಾಗಿತ್ತು’ ಎಂದಿತ್ತು. ಮನೆ ಯಜಮಾನನನ್ನು ಅವನ ಮನೆಗೇ ನೆಂಟನಾಗಿ ಕರೆದ ಹಾಗಾಯಿತು.

ಸಂವಿಧಾನದ 243ನೇ ವಿಧಿ ಈ ವಿಷಯದಲ್ಲಿ ಗೊಂದಲಕ್ಕೆ ಎಡೆಯನ್ನೇ ಕೊಟ್ಟಿಲ್ಲ. ಪಂಚಾಯಿತಿ ವ್ಯಾಪ್ತಿಯ ಗ್ರಾಮದ ಮತದಾರರ ಪಟ್ಟಿಯಲ್ಲಿ ಯಾರ ಹೆಸರಿದೆಯೋ ಅವರೆಲ್ಲ ಸೇರಿ ಗ್ರಾಮಸಭೆ. ಅವರು ಸಭೆಗೆ ಬಂದರೂ ಅಷ್ಟೆ, ಹೊಲದಲ್ಲಿದ್ದರೂ ಅಷ್ಟೆ. ಚುನಾವಣೆ, ನಾಮನಿರ್ದೇಶನ, ಆಹ್ವಾನ ಯಾವುದೂ ಬೇಡ. ಐದು ವರ್ಷಕ್ಕೊಮ್ಮೆ ಪಂಚಾಯಿತಿ ಬದಲಾಗುತ್ತದೆ, ಲೋಕಸಭೆ ವಿಸರ್ಜನೆಯಾಗುತ್ತದೆ. ಗ್ರಾಮಸಭೆಯನ್ನು ವಿಸರ್ಜಿಸುವ ಮಾತೇ ಇಲ್ಲ. ಗ್ರಾಮಸಭೆಗೆ ಸಂವಿಧಾನದಲ್ಲಿ ಜಾಗ ಕೊಟ್ಟ 73ನೇ ತಿದ್ದುಪಡಿ 1993ರ ಏಪ್ರಿಲ್ 24ರಂದು ಜಾರಿಗೆ ಬಂದು ಮೂರು ದಶಕ ದಾಟಿದರೂ ನಾವಿನ್ನೂ ಇದನ್ನು ಒಂದು ಮೀಟಿಂಗ್ ಅಂದುಕೊಂಡೇ ಕೂತಿದ್ದೇವೆ.

ಹೀಗಾಗಲು ‘ಸಭೆ’ ಎಂಬ ಪದವೂ ಒಂದು ಕಾರಣ. ಅದಕ್ಕೆ ಹಿಂದಿನಿಂದಲೂ ಹಲವು ಅರ್ಥ. ಮಹಾಭಾರತದ ಸಭಾಪರ್ವದಲ್ಲಿ ಮಯ ಕಟ್ಟಿದ ಸಭೆ ಒಂದು ಕಟ್ಟಡ. ‘ಸಭೆ ಮೂರು ಗಂಟೆಗಿದೆ’ ಎಂದಾಗ ಅದು ಕಾರ್ಯಕ್ರಮ. ‘ಸಭೆಯೆಲ್ಲ ಗೊಳ್ಳೆಂದು ನಕ್ಕಿತು’ ಎಂದಾಗ ಅದು ಜನ. ಸಭಾಕಂಪ ಎನ್ನುತ್ತೇವಲ್ಲ, ಆ ನಡುಕ ಹುಟ್ಟುವುದೂ ಎದುರಿಗೆ ನೆರೆದ ಜನರನ್ನು ಕಂಡೇ. ಗ್ರಾಮಸಭೆಯ ಸಭೆ ಈ ಮೂರನೆಯದು. ಅಥರ್ವವೇದದ ಏಳನೇ ಕಾಂಡದಲ್ಲಿ ಸಭೆ ಮತ್ತು ಸಮಿತಿ ಪ್ರಜಾಪತಿಯ ಇಬ್ಬರು ಹೆಣ್ಣುಮಕ್ಕಳು. ಅವರಿಬ್ಬರೂ ನನ್ನನ್ನು ಕಾಪಾಡಲಿ, ಕೂಡಿದವರ ನಡುವೆ ನಾನು ಚೆನ್ನಾಗಿ ಮಾತಾಡುವಂತಾಗಲಿ ಎಂಬ ಪ್ರಾರ್ಥನೆ ಅಲ್ಲಿದೆ. ಅಷ್ಟು ಹಿಂದೆಯೇ ಸಭೆಯಿಂದ ಬೇಡಿಕೊಂಡದ್ದು ಮಾತಿನ ಬಲ ಎಂಬುದು ನನಗೆ ಬಹಳ ಮುಖ್ಯವಾಗಿ ಕಾಣುತ್ತದೆ. ಸಮಿತಿ ಎಂದರೂ ಒಟ್ಟಿಗೆ ಬಂದು ಸೇರುವುದೇ. ಅದು ಇಂದಿನ ಕನ್ನಡದಲ್ಲಿ ಆರಿಸಿದ ಹತ್ತು ಮಂದಿಗೆ ಇಳಿದಿದೆ. ಸಭೆಗೂ ಅದೇ ಗತಿ ಬರಬಾರದು.

ಅಧಿಕಾರಿಗಳ ಗೈರಿನ ವಿಷಯಕ್ಕೆ ಬರೋಣ. ಅಧಿಕಾರಿಗಳು ಬಂದೇ ಬರಬೇಕು. ಬಾರದಿದ್ದರೆ ಜನ ಸಿಟ್ಟಾಗುವುದು ನ್ಯಾಯವೇ. ಆದರೆ ಅವರು ಉತ್ತರ ಹೇಳಲು ಬರುವವರು, ಸಭೆಯ ಸದಸ್ಯರಲ್ಲ. ಕೃಷಿ ಇಲಾಖೆಯವರು ಬರಲಿಲ್ಲವೆಂದು ಮುಂದೂಡುವ ಸಭೆ, ಊರಿನ ಅರ್ಧಕ್ಕರ್ಧ ಹೆಂಗಸರು ಬಾರದಿದ್ದರೂ ನಡೆದೇ ಹೋಗುತ್ತದೆ. ಕರ್ನಾಟಕದ ಪಂಚಾಯತ್ ರಾಜ್ ಕಾಯ್ದೆಯಲ್ಲಿ ಕೋರಂ, ಅಂದರೆ ಸಭೆ ನಡೆಯಲು ಇರಲೇಬೇಕಾದ ಹಾಜರಿಯ ಲೆಕ್ಕ ಇರುವುದು ಮತದಾರರದು: ಒಟ್ಟು ಸದಸ್ಯರ ಹತ್ತನೇ ಒಂದು ಭಾಗ ಅಥವಾ ನೂರು ಮಂದಿ, ಯಾವುದು ಕಡಿಮೆಯೋ ಅದು. ಕೋರಂ ತುಂಬಿದ್ದು ಗೊತ್ತಾಗುವುದು ನಡಾವಳಿ ಪುಸ್ತಕದ ಸಹಿಗಳಿಂದ. ಬಾಗಿಲಲ್ಲೇ ಪುಸ್ತಕ ಮುಂದಿಟ್ಟು ಸಹಿ, ಹೆಬ್ಬೆಟ್ಟು ತೆಗೆದುಕೊಂಡು, ಠರಾವನ್ನು ಆಮೇಲೆ ಬಿಡುವಾಗಿ ಬರೆದುಕೊಳ್ಳುವ ರೂಢಿ ಎಷ್ಟೋ ಕಡೆ ಇದೆ. ‘ಕಾಟಾಚಾರದ ಗ್ರಾಮಸಭೆ’ ಎಂಬ ಇನ್ನೊಂದು ಸವೆದ ತಲೆಬರಹ ಹುಟ್ಟುವುದು ಅಲ್ಲಿಂದಲೇ. ಏನು ತೀರ್ಮಾನವಾಯಿತೋ ಅದನ್ನು ಅಲ್ಲೇ ಬರೆದು, ಗಟ್ಟಿಯಾಗಿ ಓದಿ ಹೇಳಿ, ಆಮೇಲೆ ಸಹಿ ಹಾಕಿಸಿದರೆ ಅರ್ಧ ರೋಗ ವಾಸಿಯಾಗುತ್ತದೆ.

ಜನಸ್ಪಂದನ, ಸಾರ್ವಜನಿಕ ಅಹವಾಲು ಸಭೆ, ಗ್ರಾಮಸಭೆ ಮೂರನ್ನೂ ಒಂದೇ ಚೀಲಕ್ಕೆ ತುಂಬುವವರೂ ಇದ್ದಾರೆ. ಜನಸ್ಪಂದನದಲ್ಲಿ ನಾವು ಅರ್ಜಿ ಕೊಡುತ್ತೇವೆ. ಗಣಿ, ಕಾರ್ಖಾನೆಗಳ ಪರಿಸರ ಅನುಮತಿಗಾಗಿ 2006ರ ಅಧಿಸೂಚನೆಯಂತೆ ಮಾಲಿನ್ಯ ನಿಯಂತ್ರಣ ಮಂಡಳಿ ನಡೆಸುವ ಅಹವಾಲು ಸಭೆಯಲ್ಲಿ ನಮ್ಮ ಮಾತು ದಾಖಲಾಗುತ್ತದೆ, ತೀರ್ಮಾನ ಬೇರೆಡೆ ಆಗುತ್ತದೆ. ಗ್ರಾಮಸಭೆಯಲ್ಲಿ ಯಾವ ಬಡಾವಣೆಗೆ ಮೊದಲು ಚರಂಡಿ, ಮನೆ ಯಾರಿಗೆ ಮೊದಲು ಎಂಬುದನ್ನು ಎಲ್ಲರೆದುರು ವಾದಿಸಿ ಒಪ್ಪಬೇಕು. ‘ನನಗಿಂತ ಆಕೆಗೇ ಮನೆ ಮೊದಲು ಕೊಡಿ’ ಎಂದು ಒಬ್ಬರು ಎದ್ದು ಹೇಳಲು ಸಾಧ್ಯವಿರುವುದು ಇಲ್ಲಿ ಮಾತ್ರ. ಅರ್ಜಿಯಲ್ಲಿ ಆ ಮಾತಿಗೆ ಜಾಗವೇ ಇರುವುದಿಲ್ಲ.

ಕಾಡಿನ ಜನರ ಹಕ್ಕುಗಳನ್ನು ಗುರುತಿಸುವ ಅರಣ್ಯ ಹಕ್ಕು ಕಾಯ್ದೆಯ ಗ್ರಾಮಸಭೆ ಇನ್ನೂ ಬೇರೆ, ಇದನ್ನು ಬೆರೆಸಿದರೆ ನಷ್ಟ ದೊಡ್ಡದು. ಅಲ್ಲಿ ಮತದಾರರ ಪಟ್ಟಿಯ ಲೆಕ್ಕವಿಲ್ಲ. ಹಳ್ಳಿಯ ವಯಸ್ಕರೆಲ್ಲ ಸದಸ್ಯರು. 2012ರ ತಿದ್ದುಪಡಿಯ ನಿಯಮದಂತೆ ಅರ್ಧದಷ್ಟು ಸದಸ್ಯರಾದರೂ ಇರಬೇಕು, ಹಾಜರಿದ್ದವರಲ್ಲಿ ಮೂರನೇ ಒಂದು ಭಾಗ ಮಹಿಳೆಯರಿರಬೇಕು. ಪೋಡು, ಹಾಡಿ ಎಂದರೆ ಕಾಡಿನ ಜನರ ಪುಟ್ಟ ಊರುಗಳು; ಅಲ್ಲೇ ಸೇರಬೇಕಾದದ್ದನ್ನು ಹತ್ತು ಊರು ಕೂಡಿದ ಪಂಚಾಯಿತಿ ಮಟ್ಟದಲ್ಲಿ ಸೇರಿಸಿದರೆ ಕಾಡಿನ ಜನರ ದನಿ ಕೇಳಿಸುವುದೇ ಇಲ್ಲ. ಬಿಳಿಗಿರಿರಂಗನ ಬೆಟ್ಟದ ಸೋಲಿಗರಿಗೆ 2011ರಲ್ಲಿ ಸಮುದಾಯ ಅರಣ್ಯ ಹಕ್ಕು ಸಿಕ್ಕಿದ್ದು ಅವರ ಗ್ರಾಮಸಭೆಗಳ ಹೆಸರಿನಲ್ಲೇ.

ಈ ಪದದ ಪೂರ್ತಿ ತೂಕ ಕಂಡದ್ದು ಒಡಿಶಾದ ನಿಯಮಗಿರಿಯಲ್ಲಿ. ವೇದಾಂತ ಕಂಪನಿಯ ಕಾರ್ಖಾನೆಗಾಗಿ ಬೆಟ್ಟದ ಬಾಕ್ಸೈಟ್ ಅಗೆಯಬೇಕೆಂಬ ಯೋಜನೆ. ಅಲ್ಲಿನ ಜನರ ಧಾರ್ಮಿಕ, ಸಾಂಸ್ಕೃತಿಕ ಹಕ್ಕುಗಳ ವಿಚಾರವನ್ನು ಗ್ರಾಮಸಭೆಗಳೇ ಪರಿಶೀಲಿಸಲಿ ಎಂದು 2013ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ರಾಯಗಡ, ಕಾಲಾಹಂಡಿ ಜಿಲ್ಲೆಗಳ 12 ಹಳ್ಳಿಗಳಲ್ಲಿ, ನ್ಯಾಯಾಧೀಶರ ಸಮ್ಮುಖದಲ್ಲಿ, ಡೋಂಗರಿಯಾ ಕೋಂದ್ ಬುಡಕಟ್ಟಿನವರು ಮೊದಲಾದ ಜನ ಕೂತು ಮಾತಾಡಿದರು. 12ಕ್ಕೆ 12 ಸಭೆಗಳೂ ಬೇಡ ಎಂದವು. 2014ರ ಜನವರಿಯಲ್ಲಿ ಕೇಂದ್ರ ಪರಿಸರ ಸಚಿವಾಲಯ ಅನುಮತಿ ನಿರಾಕರಿಸಿತು.

‘ನಮಗೂ ಇಂಥ ಸಭೆ ಇದೆಯೇ’ ಎಂದು ನಗರದವರು ಪದೇಪದೇ ಕೇಳುವುದರಿಂದ ಇದಿಷ್ಟು: ಹಳ್ಳಿಯ ವಾರ್ಡ್ ಸಭೆಯಲ್ಲಿ ಆ ವಾರ್ಡಿನ ಮತದಾರರೆಲ್ಲ ಸದಸ್ಯರು. ಮೂರು ಲಕ್ಷ ಅಥವಾ ಅದಕ್ಕೂ ಹೆಚ್ಚು ಜನಸಂಖ್ಯೆಯ ನಗರಗಳಿಗೆ ಸಂವಿಧಾನದ 243ಎಸ್ ವಿಧಿ ಹೇಳಿರುವುದು ವಾರ್ಡ್ ಸಮಿತಿ. ಅದರಲ್ಲಿ ನೀವು ಸದಸ್ಯರಾಗಬೇಕಾದರೆ ಯಾರಾದರೂ ನಿಮ್ಮನ್ನು ಆರಿಸಬೇಕು.