ಪತ್ತನಾಜೆಗೆ ಮೊದಲು ಹಂಚು, ದೀಪಾವಳಿಗೆ ಟಾಂಕಿ

ಪ್ರಶ್ನೆ: ಅಪ್ಪ ಕಟ್ಟಿಸಿದ ಮನೆ. ಮುಂಭಾಗ ಹಂಚು, ಹಿಂಭಾಗ ತಾರಸಿ. ನಾವಿಬ್ಬರೂ ಕೆಲಸಕ್ಕೆ ಹೋಗುವವರು. ಪ್ರತಿ ವರ್ಷ ಜೂನಿನಲ್ಲಿ ಸೋರತೊಡಗಿದಾಗಲೇ ನಮಗೆ ಹಂಚು ನೆನಪಾಗುವುದು. ಆಗ ಕೆಲಸದವರು ಸಿಗುವುದಿಲ್ಲ. ಪಟ್ಟಿ ಬರೆದು ಫ್ರಿಜ್ಜಿಗೆ ಅಂಟಿಸಿದ್ದೂ ಆಯಿತು, ಮೊಬೈಲಿನಲ್ಲಿ ಅಲಾರಾಂ ಇಟ್ಟದ್ದೂ ಆಯಿತು. ಮನೆಯ ಈ ಕೆಲಸಗಳನ್ನು ವರ್ಷವಿಡೀ ತಪ್ಪದೆ ಮಾಡಿಕೊಂಡು ಹೋಗುವುದು ಹೇಗೆ?
(ಉಡುಪಿಯ ಓದುಗರೊಬ್ಬರು)

ಉತ್ತರ: ಈ ಪ್ರಶ್ನೆ ಕೇಳುವವರ ಊರು ಬದಲಾಗುತ್ತದೆ, ಕಾಪು, ಸುರತ್ಕಲ್, ಕುಲಶೇಖರ ಎಂದು. ಕೇಳುವ ಹೊತ್ತು ಮಾತ್ರ ಬದಲಾಗುವುದಿಲ್ಲ: ಜೂನ್ ಎರಡನೆಯ ವಾರ. ಕೆಲವು ವರ್ಷಗಳ ಹಿಂದೆ ಅದೇ ವಾರದಲ್ಲಿ ನಾನೂ ಹಂಚು ಕೈಯಾಡಿಸಿ ಸರಿಪಡಿಸುವವರಿಗೆ ಫೋನ್ ಮಾಡಿದ್ದೆ. ಮಳೆಯ ಸದ್ದಿನ ನಡುವೆ ಅತ್ತ ಕಡೆಯಿಂದ ನಗು ಕೇಳಿಸಿತು. "ಅಕ್ಕಾ, ಒದ್ದೆ ಹಂಚಿನ ಮೇಲೆ ಈಗ ಯಾರು ಹತ್ತುತ್ತಾರೆ? ಪತ್ತನಾಜೆಗೆ ಮೊದಲು ಹೇಳಬೇಕಿತ್ತು."

ಆ ರಾತ್ರಿ ಚಾವಡಿಯಲ್ಲಿ ಎರಡು ಬಾಲ್ದಿ, ಒಂದು ಬೋಗುಣಿ, ಕೊನೆಗೆ ಇಡ್ಲಿಯ ಅಟ್ಟಿನಳಗೆಯನ್ನೂ ಇಟ್ಟು ಮಲಗಿದೆ. ಬೇರೆಬೇರೆ ಶ್ರುತಿಯಲ್ಲಿ ಟಪ್ ಟಪ್ ಕೇಳುತ್ತ ನಿದ್ದೆ ಬಾರದಿದ್ದಾಗ ಹೊಳೆದದ್ದು: ಆ ಮನುಷ್ಯನ ಬಳಿ ಪಟ್ಟಿಯಿಲ್ಲ, ಅಲಾರಾಂ ಇಲ್ಲ, ಪತ್ತನಾಜೆ ಇದೆ. ತುಳುವಿನ ಬೇಶ ತಿಂಗಳ ಹತ್ತನೆಯ ದಿನ, ಮೇ 24-25ರ ಹೊತ್ತಿಗೆ ಬರುತ್ತದೆ. ಯಕ್ಷಗಾನ ಮೇಳಗಳು ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚುವ ದಿನ, ದೈವಗಳ ಕೋಲ ನೇಮಗಳು ನಿಲ್ಲುವ ದಿನ. ಅದು ಬಂತೆಂದು ಯಾರಿಗೂ ಯಾರೂ ನೆನಪಿಸಬೇಕಾಗಿಲ್ಲ.

ನನ್ನ ಉತ್ತರವೂ ಅಲ್ಲಿಂದಲೇ ಬಂದದ್ದು. ಮನೆಯ ಕೆಲಸಕ್ಕೆಂದು ಬೇರೆ ದಿನ ಹುಡುಕಬೇಡಿ. ಹೇಗೂ ಬರಲಿರುವ ದಿನದ ಬಾಲಕ್ಕೆ ಅದನ್ನು ಕಟ್ಟಿಬಿಡಿ. ಅಲಾರಾಂ ಬಡಿದುಕೊಂಡರೆ ಬೆರಳಿನಲ್ಲಿ ಆರಿಸಬಹುದು. ತುಳುವರ ಹೊಸ ವರ್ಷವಾದ ಬಿಸುವನ್ನು, ಚೌತಿಯನ್ನು ಆರಿಸಲು ಬರುವುದಿಲ್ಲ. ನೆಂಟರು ಬರುತ್ತಾರೆ.

ಮಾಡಿನಿಂದ, ಅಂದರೆ ಸೂರಿನಿಂದ ಶುರು ಮಾಡೋಣ, ನಮ್ಮ ಕಡೆ ಮನೆ ಹಾಳಾಗುವುದು ಮೇಲಿನಿಂದಲೇ. ಮಂಗಳೂರಿನಲ್ಲಿ ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುತ್ತದೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕೇ ತಿಂಗಳಲ್ಲಿ. ಜುಲೈ ಒಂದರಲ್ಲೇ ಸುಮಾರು 1,000 ಮಿಲಿಮೀಟರ್. ಸಾವಿರ ಚದರಡಿಯ ಮಾಡು ಇದ್ದರೆ ಆ ಒಂದು ತಿಂಗಳಲ್ಲಿ ಅದರ ಮೇಲೆ ಬೀಳುವುದು 90,000 ಲೀಟರಿಗೂ ಹೆಚ್ಚು ನೀರು. ಇಷ್ಟು ನೀರಿಗೆ ಒಂದು ಬಿರುಕು ಸಾಕು.

1865ರಲ್ಲಿ ಬಾಸೆಲ್ ಮಿಷನ್ ನೇತ್ರಾವತಿಯ ದಡದಲ್ಲಿ, ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದಾಗಿನಿಂದ ನಮ್ಮ ತಲೆಯ ಮೇಲಿರುವ ಈ ಹಂಚು ಬಹಳ ಜಾಣ ವಸ್ತು. ಮೊಳೆಯಿಲ್ಲ, ಗಾರೆಯಿಲ್ಲ, ರೀಪಿಗೆ ಕೊಕ್ಕೆ ಸಿಕ್ಕಿಸಿಕೊಂಡು, ಪಕ್ಕದ ಹಂಚಿನ ತೋಡಿನಲ್ಲಿ ಅಂಚು ಕೂರಿಸಿಕೊಂಡು ನಿಲ್ಲುತ್ತದೆ. ಅದರ ಗುಣವೂ ಇದೇ, ದೋಷವೂ ಇದೇ. ಬೆಕ್ಕು ಓಡಿದರೆ, ಮಂಗಗಳು ಹಾರಿದರೆ, ತೆಂಗಿನ ಒಣ ಮಡಲು ಬಿದ್ದರೆ ಅರ್ಧ ಇಂಚು ಸರಿಯುತ್ತದೆ. ಒಡೆದ ಹಂಚು ಕಣ್ಣಿಗೆ ಬೀಳುತ್ತದೆ, ಸರಿದದ್ದು ಬೀಳುವುದಿಲ್ಲ. ಇನ್ನೊಂದು ಕಳ್ಳತನ ಕಸದ್ದು. ಮಾವಿನ ಎಲೆ, ಗಾಳಿಯ ಕಡ್ಡಿ, ಧೂಳು ಸೇರಿ ಹಂಚಿನ ತೋಡಿನಲ್ಲಿ ಗಟ್ಟಿಯಾಗಿ ಕೂರುತ್ತದೆ. ನೀರು ಇಳಿಯಲು ದಾರಿಯಿಲ್ಲದೆ ಅಂಚು ದಾಟಿ ಒಳಕ್ಕೆ ಹರಿಯುತ್ತದೆ. ಹಂಚು ಒಡೆದೇ ಇಲ್ಲ, ಆದರೂ ಸೋರುತ್ತದೆ ಎಂದು ತಲೆ ಕೆರೆದುಕೊಳ್ಳುವವರ ಮನೆಯಲ್ಲಿ ಹೆಚ್ಚಾಗಿ ಇದೇ ಕಥೆ.

ಹನಿ ಬೀಳುವ ಜಾಗದ ನೇರ ಮೇಲಿನ ಹಂಚನ್ನು ಬದಲಿಸಿ ಹಣ ಕಳೆದುಕೊಂಡವರಲ್ಲಿ ನಾನೂ ಒಬ್ಬಳು. ನೀರು ಒಳಗೆ ಬಂದಲ್ಲೇ ಬೀಳುವುದಿಲ್ಲ. ಪಕ್ಕಾಸಿನ (ಮಾಡನ್ನು ಹೊತ್ತ ಓರೆ ಮರದ) ಕೆಳಮೈಗೆ ಅಂಟಿಕೊಂಡು ಇಳಿಜಾರಿನಲ್ಲಿ ಹರಿದು, ಎಲ್ಲೋ ಒಂದು ಗಂಟು ಸಿಕ್ಕಿದಲ್ಲಿ ತೊಟ್ಟಿಕ್ಕುತ್ತದೆ. ತಪ್ಪು ಯಾವಾಗಲೂ ಹನಿಗಿಂತ ಮೇಲ್ಗಡೆ, ನೆತ್ತಿಯ ಕಡೆಗೆ. ಆದ್ದರಿಂದ ಜೋರು ಮಳೆಯ ದಿನ ಟಾರ್ಚು, ಸೀಮೆಸುಣ್ಣ ಹಿಡಿದು ಅಟ್ಟ ಹತ್ತಿ. ಪಕ್ಕಾಸಿನ ಮೇಲೆ ಒದ್ದೆ ಗೆರೆ ಹೊಳೆಯುತ್ತಿರುತ್ತದೆ. ಅದನ್ನು ಹಿಂಬಾಲಿಸಿ, ಗೆರೆ ಶುರುವಾದ ಕಡೆ ಮರದ ಒಣ ಭಾಗಕ್ಕೆ ಗುರುತು ಹಾಕಿ. ಆ ಗುರುತು ಮೇ ತಿಂಗಳವರೆಗೂ ಉಳಿಯುತ್ತದೆ. ಬೇಸಗೆಯ ಮಟಮಟ ಮಧ್ಯಾಹ್ನ ಅದೇ ಅಟ್ಟದಲ್ಲಿ ದೀಪ ಆರಿಸಿ ನಿಂತು ನೋಡಿದರೆ ಸರಿದ ಹಂಚುಗಳ ಸಂದಿಯಲ್ಲಿ ಸೂಜಿಮೊನೆಯಷ್ಟು ಬೆಳಕು ಕಾಣುತ್ತದೆ. ಕೆಲಸದವರು ಬಂದಾಗ "ಎಲ್ಲೋ ಸೋರುತ್ತದೆ" ಎನ್ನುವ ಬದಲು "ಇಲ್ಲಿ" ಎಂದು ತೋರಿಸಬಹುದು. ನಮ್ಮ ಮನೆಯಲ್ಲಿ ಎರಡು ದಿನದ ಸಂಬಳ ಒಂದು ದಿನಕ್ಕೆ ಇಳಿದದ್ದು ಹೀಗೆ.

ಏಪ್ರಿಲ್ ಮಧ್ಯದ ಬಿಸುವಿನಿಂದ ಪತ್ತನಾಜೆಗೆ ಸುಮಾರು 40 ದಿನ. ಬಿಸುವಿನ ಪಾಯಸ ಉಂಡು ಮಧ್ಯಾಹ್ನ ಮಲಗುವ ಮೊದಲು ಹಂಚಿನವರಿಗೆ, ತೆಂಗಿನ ಮರ ಹತ್ತುವವರಿಗೆ ಫೋನ್ ಮಾಡಿಬಿಡಿ. ಅವರು ಬರುವುದು ಮೂರು ವಾರ ಕಳೆದು ಎಂದೇ ಲೆಕ್ಕ ಹಿಡಿಯಿರಿ. ಮಾಡಿಗೆ ತಾಗುವ ಕೊಂಬೆ, ಒಣ ಮಡಲು, ಬಲಿತ ಕಾಯಿ ಎಲ್ಲ ಮೊದಲು ಇಳಿಯಬೇಕು, ಹಂಚು ಕೈಯಾಡಿಸುವುದು ಆಮೇಲೆ. ಈ ಕ್ರಮ ತಪ್ಪಿಸಿದರೆ ಹೊಸ ಹಂಚಿನ ಮೇಲೆ ಹಳೆಯ ಕಾಯಿ ಬೀಳುತ್ತದೆ. ವಿದ್ಯುತ್ ತಂತಿಗೆ ತಾಗಿದ ಕೊಂಬೆಯ ಗೊಡವೆಗೆ ಮಾತ್ರ ನೀವು ಹೋಗಬೇಡಿ, ಮೆಸ್ಕಾಂಗೆ ತಿಳಿಸಿ. ಹಂಚು ಹತ್ತುವ ಸಾಹಸವೂ ಬೇಡ. ಎಲ್ಲಿ ಕಾಲಿಡಬೇಕೆಂದು ಬಲ್ಲವರ ಕೆಲಸ ಅದು.

ಹಿಂಭಾಗದ ತಾರಸಿಯ ಕೆಲಸ ಇಷ್ಟು ಸೂಕ್ಷ್ಮವಲ್ಲ. ನೀರು ಇಳಿಯುವ ಪೈಪಿನ ಬಾಯಿ ಬಿಡಿಸಿ, ಬಿರುಕಿದ್ದರೆ ಮೈ ಪೂರ್ತಿ ಒಣಗಿರುವಾಗಲೇ ಮುಚ್ಚಿಸಿ. ತಾರಸಿಯ ಮೇಲೆ ತಗಡಿನ ಶೀಟು ಹಾಕಿಸಿದ್ದರೆ ಬೋಲ್ಟಿನ ತಲೆಗಳನ್ನು ನೋಡಿ. ಶೀಟು ತುಕ್ಕು ಹಿಡಿಯಲು ಶುರುವಾಗುವುದು ಅಲ್ಲಿಂದ, ಅದರ ಕೆಳಗಿನ ರಬ್ಬರಿನ ವಾಶರ್ ಒಣಗಿ ಬಿರಿಯುವುದೂ ಅಲ್ಲೇ. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ನಮ್ಮ ಕರಾವಳಿಯ ಬದಿಯಿಂದ ಹಾದುಹೋದದ್ದು ಪತ್ತನಾಜೆಗೂ ಮೊದಲು ಎಂಬುದನ್ನು ನೆನಪಿಡಿ. ಸಡಿಲ ಬೋಲ್ಟಿಗೆ ಮೇ ಕೊನೆಯವರೆಗೆ ಕಾಯುವ ತಾಳ್ಮೆ ಎಲ್ಲ ವರ್ಷವೂ ಇರುವುದಿಲ್ಲ. ಮಲ್ಪೆ, ಪಣಂಬೂರು ಕಡೆ ಕಡಲಿಗೆ ಹತ್ತಿರವಿದ್ದವರಿಗೆ ಉಪ್ಪುಗಾಳಿಯ ಕಾಟ ಬೇರೆ: ಗೇಟು, ಕಿಟಕಿಯ ಸರಳುಗಳ ತುಕ್ಕನ್ನು ಉಜ್ಜಿ ತೆಗೆದು ಪ್ರೈಮರ್ ಬಳಿಯುವ ಕೆಲಸವನ್ನು ವರ್ಷಕ್ಕೊಮ್ಮೆ ಇದೇ 40 ದಿನಗಳಲ್ಲಿ ಮುಗಿಸಿ.

ಮಳೆ ಹಿಡಿದ ಮೇಲೆ ಹೊರಗಿನ ಕೆಲಸವಿಲ್ಲ, ಒಳಗಿನದು ಶುರು. ಜುಲೈ-ಆಗಸ್ಟಿನ ಆಟಿ ತಿಂಗಳಲ್ಲಿ ಚಪ್ಪಲಿಗೆ, ಬೆಲ್ಟಿಗೆ, ಕಪಾಟಿನ ಹಿಂಬದಿಗೆ ಬೂಷ್ಟು ಹಿಡಿಯುತ್ತದೆ. ಕಪಾಟನ್ನು ಗೋಡೆಯಿಂದ ನಾಲ್ಕು ಬೆರಳು ದೂರ ಸರಿಸಿದರೆ ಅರ್ಧ ಕಾಟ ತಪ್ಪುತ್ತದೆ. ಬಾಗಿಲಿನ ದಾರಂದದ ಬುಡದಲ್ಲಿ ಮಣ್ಣಿನ ಸಪೂರ ಗೆರೆ ಕಂಡರೆ ಒರಲೆ (ಗೆದ್ದಲು) ಬಂದಿದೆ ಎಂದೇ ಅರ್ಥ. ಗೆರೆಯನ್ನು ಗುಡಿಸಿ ಸುಮ್ಮನಾದರೆ ಅದು ಮರದೊಳಗೆ ತನ್ನ ಕೆಲಸ ಮುಂದುವರಿಸುತ್ತದೆ.

ಬಾವಿಯಿದ್ದವರು ಆಟಿ ಅಮಾವಾಸ್ಯೆಯನ್ನು ಬಳಸಿಕೊಳ್ಳಿ. ಬೆಳಿಗ್ಗೆ ಪಾಲೆ ಮರದ ಕಷಾಯ ಕುಡಿಯುವ ದಿನ ಅದು. ಹಿಂದಿನ ರಾತ್ರಿ ಬಾವಿಗೂ ಒಂದು ಮದ್ದು ಹಾಕಿ. ಸಾವಿರ ಲೀಟರ್ ನೀರಿಗೆ 2.5 ಗ್ರಾಂ ಒಳ್ಳೆಯ ಬ್ಲೀಚಿಂಗ್ ಪುಡಿ ಎಂಬುದು ಲೆಕ್ಕ. ಬಾವಿಯ ಅಡ್ಡಳತೆ 2 ಮೀಟರ್, ನೀರಿನ ಆಳ 3 ಮೀಟರ್ ಇದ್ದರೆ ಒಳಗಿರುವುದು ಸುಮಾರು 9,400 ಲೀಟರ್, ಬೇಕಾದ ಪುಡಿ ಸುಮಾರು 24 ಗ್ರಾಂ. ಜನ ಅಂದಾಜಿಗೆ ಅರ್ಧ ಕಿಲೋ ಸುರಿದು ವಾರವಿಡೀ ಮೂಗು ಮುಚ್ಚಿಕೊಳ್ಳುವುದನ್ನು ನೋಡಿದ್ದೇನೆ. ಪುಡಿಯನ್ನು ಬಾಲ್ದಿ ನೀರಿನಲ್ಲಿ ಕದಡಿ, ಸುಣ್ಣ ತಳ ಸೇರಿದ ಮೇಲೆ ತಿಳಿಯನ್ನಷ್ಟೇ ಬಾವಿಗೆ ಹೊಯ್ಯಿರಿ, ಕೊಡಪಾನವನ್ನು ನಾಲ್ಕಾರು ಬಾರಿ ಇಳಿಸಿ ಎತ್ತಿ ಕಲಕಿ. ಕನಿಷ್ಠ ಒಂದು ಗಂಟೆ ನೀರು ಮುಟ್ಟಬಾರದು, ರಾತ್ರಿ ಹಾಕಿದರೆ ಆ ತಕರಾರೇ ಇಲ್ಲ. ಬಾವಿಯ ಕೆಸರು ತೆಗೆಯುವ ಕೆಲಸವಾದರೆ ನೀರು ತಳ ಕಂಡಿರುವ ಮೇ ತಿಂಗಳಿನದು. ಅದಕ್ಕೆ ನೀವಾಗಿ ಇಳಿಯಬೇಡಿ: ಆಳದ ಬಾವಿಯಲ್ಲಿ ಉಸಿರಾಡುವ ಗಾಳಿ ಇಲ್ಲದಿರಬಹುದು, ಅದು ಮೇಲಿನಿಂದ ಗೊತ್ತಾಗುವುದಿಲ್ಲ.

ನಳ್ಳಿ ನೀರಿನವರಿಗೆ ದೀಪಾವಳಿಗಿಂತ ಒಳ್ಳೆಯ ದಿನ ಇನ್ನೊಂದಿಲ್ಲ. ಮಂಗಳೂರಿಗೆ ತುಂಬೆ ಅಣೆಕಟ್ಟಿನಿಂದ, ಉಡುಪಿಗೆ ಬಜೆ ಅಣೆಕಟ್ಟಿನಿಂದ ನೀರು ಬರುತ್ತದೆ. ಮಳೆಗಾಲದಲ್ಲಿ ಹೊಳೆ ಕೆಂಪಾಗಿ ಹರಿಯುವಾಗ ಮನೆಯ ಟಾಂಕಿಯ ತಳದಲ್ಲಿ ಮಡ್ಡಿ ಕೂರುವುದು ಹೆಚ್ಚುತ್ತದೆ. ಮೇ ತಿಂಗಳಲ್ಲಿ ತೊಳೆಯೋಣವೆಂದರೆ ನೀರಿಗೇ ಬರ, ತುಂಬಿದ ಟಾಂಕಿ ಖಾಲಿ ಮಾಡಲು ಮನಸ್ಸು ಬಾರದು. ಹಬ್ಬದ ಮುನ್ನಾದಿನ, ನೀರು ತುಂಬುವ ಹಬ್ಬಕ್ಕೆ, ಬಚ್ಚಲಿನ ಹಂಡೆಯನ್ನು ಹುಳಿ ಹಾಕಿ ತಿಕ್ಕಿ ತೊಳೆದು ತುಂಬಿಸುವ ಕ್ರಮ ಹೇಗೂ ಇದೆ. ಹಂಡೆಯ ಜಾಗಕ್ಕೆ ಗೀಸರ್ ಬಂದ ಮನೆಯಲ್ಲಿ ಆ ಶ್ರಮ ತಾರಸಿಯ ಮೇಲಿನ ಟಾಂಕಿಗೆ ಸಲ್ಲಲಿ.

ಬಣ್ಣದ ವಿಷಯದಲ್ಲಿ ನನ್ನ ಮಾತು ಸ್ವಲ್ಪ ಕಹಿ. ಒಮ್ಮೆ ದೀಪಾವಳಿಗೆ ಮನೆ ಮಿಂಚಬೇಕೆಂದು ಅಕ್ಟೋಬರಿನಲ್ಲೇ ಹೊರಗೋಡೆಗೆ ಬಳಿಸಿದೆ. ಮುಂದಿನ ಜುಲೈಯಲ್ಲಿ ಗೋಡೆಯ ಮೇಲೆ ದೋಸೆಯಷ್ಟಗಲದ ಹೊಪ್ಪಳಗಳು ಎದ್ದವು. ಬೆರಳಲ್ಲಿ ಒತ್ತಿದರೆ ಒಳಗೆ ನೀರಿನ ತಂಪು. ಬಳಿದವರು ಪೈಂಟನ್ನು ದೂರಿದರು, ಪೈಂಟಿನವರು ಬಳಿದವರನ್ನು. ತಪ್ಪು ನನ್ನ ಅವಸರದ್ದು. ನಮ್ಮ ಕೆಂಪು ಕಲ್ಲಿಗೆ ಮೈಯೆಲ್ಲ ತೂತು, ನಾಲ್ಕು ತಿಂಗಳು ಕುಡಿದ ನೀರನ್ನು ಅದು ನಾಲ್ಕು ದಿನದಲ್ಲಿ ಬಿಟ್ಟುಕೊಡುವುದಿಲ್ಲ. ಈಗ ಒಂದೂವರೆ ಅಡಿ ಚೌಕದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ನಾಲ್ಕೂ ಬದಿ ಟೇಪಿನಿಂದ ಅಂಟಿಸಿ ಮರುದಿನ ನೋಡುತ್ತೇನೆ. ಹಾಳೆಯ ಒಳಮೈ ಬೆವರಿದ್ದರೆ ಡಬ್ಬ ತೆರೆಯುವುದಿಲ್ಲ. ನಮ್ಮ ಗೋಡೆ ಈ ಪರೀಕ್ಷೆ ಪಾಸಾಗುವುದು ಜನವರಿಯಲ್ಲಿ. ಹಬ್ಬಕ್ಕೆ ಬಣ್ಣ ಬಳಿಯುವ ಆಸೆಯಿದ್ದರೆ ಒಳಕೋಣೆಗಳಿಗೆ ಬಳಿದುಕೊಳ್ಳಿ.

ಎಲ್ಲವೂ ವರ್ಷಕ್ಕೊಮ್ಮೆಯದಲ್ಲ, ನಿಜ. ತಿಂಗಳಿನ ಕೆಲಸಕ್ಕೆ ನಾನು ಹಿಡಿದುಕೊಂಡದ್ದು ಕರೆಂಟ್ ಬಿಲ್ಲನ್ನು. ಬಿಲ್ಲು ಬಂದ ದಿನ ಮೀಟರಿನ ಪಕ್ಕದ ಆರ್‌ಸಿಸಿಬಿಯ ಟೆಸ್ಟ್ ಗುಂಡಿ ಒತ್ತುತ್ತೇನೆ. ಟಕ್ಕೆಂದು ಮನೆಯ ಕರೆಂಟು ಹೋಗಬೇಕು. ಹೋಗದಿದ್ದರೆ ಅದೇ ದಿನ ಎಲೆಕ್ಟ್ರಿಷಿಯನ್‌ಗೆ ಹೇಳಬೇಕು. 30 ಮಿಲಿ ಆಂಪಿಯರ್ ಸೋರಿದರೂ ಕಡಿದುಹಾಕಿ ಜೀವ ಉಳಿಸುವ ಸಾಧನವದು. ಗೋಡೆ ಒದ್ದೆ, ಕೈ ಒದ್ದೆ ಇರುವ ಊರಿನಲ್ಲಿ ಅದು ಕೆಲಸ ಮಾಡುತ್ತಿದೆಯೇ ಎಂದು ತಿಳಿದಿರಬೇಕು. ಇನ್ವರ್ಟರ್ ಬ್ಯಾಟರಿಯ ನೀರಿನ ಮಟ್ಟವನ್ನೂ ಅದೇ ಗಳಿಗೆಯಲ್ಲಿ ನೋಡಿಬಿಡುವುದು.

ವಾರದ ಕೆಲಸ ಒಂದೇ. ಭಾನುವಾರ ಮೀನಿಗೆ ಹೊರಡುವ ಮೊದಲು ಅಂಗಳಕ್ಕೆ ಒಂದು ಸುತ್ತು. ಬಿದ್ದ ಅಡಿಕೆ ಹಾಳೆ, ತೆಂಗಿನ ಗೆರಟೆ, ಹೂಕುಂಡದ ತಟ್ಟೆ, ಮಾಡಿನಂಚಿನ ನೀರು ಹರಿಯುವ ದಂಬೆ, ನೀರು ನಿಂತ ಕಡೆಯೆಲ್ಲ ಚೆಲ್ಲಿಬಿಡಿ. ಡೆಂಗಿ ಹರಡುವ ಸೊಳ್ಳೆ ಮೊಟ್ಟೆಯಿಂದ ರೆಕ್ಕೆ ಬಲಿಯುವವರೆಗೆ ಏಳೆಂಟು ದಿನ ತೆಗೆದುಕೊಳ್ಳುತ್ತದೆ, ವಾರಕ್ಕೊಮ್ಮೆ ಚೆಲ್ಲಿದರೆ ಅದಕ್ಕೆ ಹಾರುವ ಭಾಗ್ಯವಿಲ್ಲ.

ನಾನು ಹೇಳಿದ ದಿನಗಳು ನಮ್ಮ ಮನೆಯವು. ಕ್ರೈಸ್ತರ ಮನೆಯಲ್ಲಿ ಸೆಪ್ಟೆಂಬರ್ 8ರ ಮೊಂತಿ ಹಬ್ಬವಿದೆ. ಮಳೆ ಇಳಿಮುಖವಾಗುವ ಹೊತ್ತು, ಅಂಗಳದ ಪಾಚಿ ಉಜ್ಜಲು, ಚರಂಡಿ ಬಿಡಿಸಲು ಹೇಳಿ ಮಾಡಿಸಿದ್ದು. ಈದ್ ಪ್ರತಿ ವರ್ಷ ಸುಮಾರು 11 ದಿನ ಹಿಂದಕ್ಕೆ ಸರಿಯುವುದರಿಂದ ಮಳೆಯ ಲೆಕ್ಕಕ್ಕೆ ಸಿಗದು; ನಮ್ಮ ನೆರೆಯ ಬ್ಯಾರಿ ಕುಟುಂಬ ಮಕ್ಕಳ ಶಾಲೆಯ ಬೇಸಗೆ ರಜೆಯನ್ನು ಹಿಡಿದುಕೊಂಡಿದೆ, ಅವರ ಮಾಡು ನಮ್ಮದಕ್ಕಿಂತ ಚೆನ್ನಾಗಿದೆ. ಫ್ಲಾಟಿನಲ್ಲಿರುವವರಿಗೆ ಮಾಡಿನ ಚಿಂತೆಯಿಲ್ಲ, ಬದಲಿಗೆ ಸಂಘದ ಸಭೆಯ ಚಿಂತೆಯಿದೆ. ತಾರಸಿಯ ಮಾತನ್ನು ಏಪ್ರಿಲ್‌ನ ಸಭೆಯಲ್ಲೇ ಎತ್ತಿ.

ನೀವು ಪ್ರಶ್ನೆ ಕಳಿಸಿರುವುದು ಮಳೆ ಹಿಡಿದ ಮೇಲೆ. ಈ ವರ್ಷ ಬಾಲ್ದಿಗಳೇ ಗತಿ, ಅದಕ್ಕೆ ನನ್ನಲ್ಲಿ ಉಪಾಯವಿಲ್ಲ. ಆದರೆ ಸೋರುವ ಜಾಗ ಸ್ಪಷ್ಟವಾಗಿ ಕಾಣುವುದೂ ಈಗಲೇ. ಮಕ್ಕಳ ಪಾಟೀಚೀಲದಿಂದ ಒಂದು ಸೀಮೆಸುಣ್ಣ ತೆಗೆದುಕೊಂಡು ಇವತ್ತೇ ಅಟ್ಟ ಹತ್ತಿ.